ಜಾಲರಿ ಇರುವ ಪೆಟ್ರೋಲ್ ಲಾಳಿಕೆ: ಲಾಂಗ್ ರೈಡ್‌ಗೆ ಎಷ್ಟು ಉಪಯೋಗ?

ದಾವಣಗೆರೆಯಿಂದ ಲಡಾಖ್‌ಗೆ ಹೊರಡುವ ಮುಂಚೆ ಇದನ್ನು ಆನ್‌ಲೈನ್‌ನಲ್ಲಿ ತರಿಸಿದೆ, 650 ರೂಪಾಯಿ ಕೊಟ್ಟೆ. ಪ್ಲಾಸ್ಟಿಕ್ ಲಾಳಿಕೆ, ಒಳಗೆ ತೀರಾ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ಕಸ, ನೀರು ಎರಡನ್ನೂ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ಕಸದ ಮಟ್ಟಿಗೆ ಅದು ನಿಜ. ನೀರಿನ ಮಾತು ಮಾತ್ರ ಈಗಿನ ಪೆಟ್ರೋಲ್‌ಗೆ ಹೊಂದುವುದಿಲ್ಲ.

ಜಗಳೂರು, ಮೊಳಕಾಲ್ಮೂರು ಕಡೆ ಒಳರಸ್ತೆ ಹಿಡಿದರೆ ಕೆಲವೊಮ್ಮೆ ಗೂಡಂಗಡಿಯಲ್ಲಿ ಬಾಟಲಿಗೆ ತುಂಬಿಟ್ಟ ಪೆಟ್ರೋಲೇ ಗತಿ. ಹಾಗೆ ಒಂದು ಕಡೆ ಲೀಟರ್ ಹಾಕಿಸಿದಾಗ ಜಾಲರಿಯ ಮೇಲೆ ಕೆಂಪು ಮಣ್ಣಿನ ಪುಡಿ, ಮುಚ್ಚಳದ ಪ್ಲಾಸ್ಟಿಕ್ ಚೂರು, ಯಾವುದೋ ಬಟ್ಟೆಯ ನೂಲು ನಿಂತಿದ್ದನ್ನು ನೋಡಿ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು ಅನ್ನಿಸಿತು. 2020ರ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳೆಲ್ಲ ಹೆಚ್ಚುಕಮ್ಮಿ ಇಂಜೆಕ್ಷನ್ ಗಾಡಿಗಳೇ ಅಲ್ವಾ? ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ತೂತು ತೀರಾ ಸಣ್ಣದು. ಹಳೆ ಕಾರ್ಬುರೇಟರ್ ಗಾಡಿಯಾದರೆ ಕಾರ್ಬುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಕಸ, ನೀರು ಹೊರಬಿಡಬಹುದಿತ್ತು. ಇಂಜೆಕ್ಷನ್ ಗಾಡಿಯಲ್ಲಿ ದಾರಿ ಮಧ್ಯೆ ಆ ಕೆಲಸ ಸುಲಭವಿಲ್ಲ.

ಈಗ ನೀರಿನ ವಿಷಯ. ಬರೀ ಪೆಟ್ರೋಲ್ ಆಗಿದ್ದರೆ ನೀರು ತಳಕ್ಕೆ ಇಳಿದು ಬೇರೆಯಾಗಿ ನಿಲ್ಲುತ್ತದೆ, ನೀರು ಅಂಟದ ಲೇಪವಿರುವ ಜಾಲರಿ ಅದನ್ನು ತಡೆಯಬಹುದು. ನಮ್ಮ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಇ20 ಅಂದರೆ ನೂರಕ್ಕೆ 20 ಪಾಲು. ಎಥನಾಲ್‌ಗೆ ನೀರನ್ನು ಹೀರಿಕೊಳ್ಳುವ ಗುಣವಿದೆ, ಹಾಗಾಗಿ ಸ್ವಲ್ಪ ನೀರು ಸೇರಿದರೆ ಅದು ಕರಗಿಯೇ ಇರುತ್ತದೆ. ಕರಗಿದ ನೀರು ಯಾವ ಜಾಲರಿಗೂ ಸಿಗುವುದಿಲ್ಲ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಬೇರೆಯಾಗಿ ಟ್ಯಾಂಕ್ ತಳ ಸೇರುತ್ತದೆ, ಫ್ಯೂಯಲ್ ಪಂಪ್ ಎಳೆಯುವುದೂ ತಳದಿಂದಲೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮನೆಯ ಹೊರಗೆ, ಬೆಂಕಿಯಿಂದ ದೂರ, ಗಾಜಿನ ಬಾಟಲಿಗೆ 100 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಅಲುಗಾಡಿಸಿ ಬಿಡಿ. ಸ್ವಲ್ಪ ಹೊತ್ತಿಗೆ ಕೆಳಗಿನ ಪದರ ನೀವು ಹಾಕಿದ ನೀರಿಗಿಂತ ಎಷ್ಟೋ ದಪ್ಪ ಆಗಿರುತ್ತದೆ. ಎಥನಾಲ್ ನೀರಿನ ಕಡೆ ಹೋಗಿದ್ದರಿಂದ ಹಾಗೆ. ಆ ಪೆಟ್ರೋಲನ್ನು ಮತ್ತೆ ಗಾಡಿಗೆ ಹಾಕಬೇಡಿ.

ಸೀಮೆಎಣ್ಣೆ ಕಲಬೆರಕೆಯನ್ನೂ ಈ ಲಾಳಿಕೆ ಹಿಡಿಯುವುದಿಲ್ಲ, ಸುಮ್ನೆ ಒಳಗೆ ಬಿಡುತ್ತದೆ. ಅದಕ್ಕೆ ಬಂಕ್‌ನಲ್ಲೇ ಫಿಲ್ಟರ್ ಪೇಪರ್ ಕೇಳಬೇಕು. ಗಿರಾಕಿ ಕೇಳಿದರೆ ಕೊಡಬೇಕು, ದುಡ್ಡು ಕೇಳುವ ಹಾಗಿಲ್ಲ. ನಾಝಲ್ ತುದಿ ಒರೆಸಿ ಒಂದು ಹನಿ ಪೇಪರ್ ಮೇಲೆ ಬಿಡಿಸಿ. ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಿದರೆ ಸರಿ, ಕಲೆ ಉಳಿದರೆ ಅನುಮಾನ. ಸಾಂದ್ರತೆಯನ್ನೂ ನೋಡಿ: 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ ಅಂಕಿಗೂ, ಬಂಕ್‌ಗೆ ಟ್ಯಾಂಕರ್ ಲೋಡ್ ಬಂದಾಗ ಬರೆದ ಅಂಕಿಗೂ ಘನ ಮೀಟರ್‌ಗೆ 3 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಲ್ಲಿ ಹಾಕಿಸಬೇಡಿ. ಚಿತ್ರದುರ್ಗದಿಂದ ಹೊಸಪೇಟೆ ಕಡೆ ಎನ್‌ಎಚ್ 50 ಹಿಡಿದಾಗ ಒಂದು ಬಂಕ್‌ನಲ್ಲಿ ಪೇಪರ್ ಕೇಳಿದರೆ "ಅಣ್ಣಾ, ಹಿಂದೆ ಲೈನ್ ಐತಿ, ಆಮೇಲೆ ನೋಡಾಣ" ಅಂದ ಹುಡುಗ. ನಾನು ಹಾಕಿಸದೆ ಮುಂದೆ ಹೋದೆ. ಅರ್ಧ ಟ್ಯಾಂಕ್ ಇರುವಾಗಲೇ ಹಾಕಿಸುವ ರೂಢಿ ಇದ್ದರೆ ಹೀಗೆ ಎದ್ದು ಹೋಗುವ ಧೈರ್ಯ ಇರುತ್ತದೆ. ರಿಸರ್ವ್‌ಗೆ ಬಂದ ಮೇಲೆ ಬಂಕ್‌ನವರು ಕೊಟ್ಟಿದ್ದೇ ಪೆಟ್ರೋಲ್.

ಹಾಗಂತ ಲಾಳಿಕೆ ಬೇಡ ಅಂತಲ್ಲ. ಮನಾಲಿ-ಲೇಹ್ ದಾರಿಯಲ್ಲಿರುವ ಹಿಮಾಚಲದ ತಾಂಡಿಯಲ್ಲಿ ಮುಂದಿನ ಬಂಕ್ 365 ಕಿ.ಮೀ. ಅನ್ನುವ ಬೋರ್ಡ್ ಬೈಕ್‌ನವರಿಗೆಲ್ಲ ಗೊತ್ತು. ಕ್ಯಾನ್‌ನಲ್ಲಿ ಪೆಟ್ರೋಲ್ ಹೊತ್ತು ಹೋಗುವ ಅಂಥ ದಾರಿಗೆ ಇದು ಬೇಕೇ ಬೇಕು. ಬಂಕ್‌ನಲ್ಲಿ ಮಾತ್ರ ಬಳಸಬೇಡಿ: ಪಂಪಿನ ವೇಗಕ್ಕೆ ಪೆಟ್ರೋಲ್ ಜಾಲರಿಯಲ್ಲಿ ಇಳಿಯದೆ ಮೇಲೆ ಚೆಲ್ಲುತ್ತದೆ, ಪ್ಲಾಸ್ಟಿಕ್ ಆದ್ದರಿಂದ ಸ್ಟ್ಯಾಟಿಕ್ ಕಿಡಿಯ ಅಪಾಯವೂ ಇದೆ. ಕೊಳ್ಳುವ ಮುಂಚೆ ನಿಮ್ಮ ಟ್ಯಾಂಕ್ ಬಾಯಿ ಅಳೆದು ನೋಡಿ. ನನ್ನ ಗಾಡಿಗೆ ಇದರ ಮೂತಿ ಬಿಗಿಯಾಗಿ ಕೂರುವುದಿಲ್ಲ, ಒಂದು ಕೈಯಲ್ಲಿ ಹಿಡಿದೇ ಸುರಿಯಬೇಕು.