ಅಮ್ಮ ಕೂಗಿದಳು, ಫೋನು ‘ಮೊದಲು ಅನ್‌ಲಾಕ್ ಮಾಡಿ’ ಅಂದಿತು

‘ಮಾತಾಡಿದರೆ ಸಾಕು, ಮಿಕ್ಕಿದ್ದೆಲ್ಲ ಫೋನೇ ಮಾಡುತ್ತೆ’ ಅನ್ನುವ ಜಾಹೀರಾತು ನೋಡಿ ಮನೆಯ ಹಿರಿಯರಿಗೆ ಹೊಸ ಫೋನ್ ಕೊಡಿಸಲು ಹೊರಟಿದ್ದೀರಾ? ದಯವಿಟ್ಟು ಕೊಳ್ಳುವ ಮೊದಲು ಇದನ್ನು ಓದಿ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದು ಅಂತಲೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಗ್ಲಾಕೋಮಾ. ಪಕ್ಕದಲ್ಲಿರುವುದು ಕಾಣುವುದೇ ಇಲ್ಲ, ಎದುರಿಗಿರುವುದೂ ಮಬ್ಬು. ಜೊತೆಗೆ ಬೆರಳ ಗಂಟುಗಳು ಬಾತುಕೊಂಡು, ಸ್ಕ್ರೀನ್ ಮೇಲೆ ಒಂದು ಕಡೆ ಒತ್ತಲು ಹೋದರೆ ಇನ್ನೊಂದು ಕಡೆ ತಾಗುತ್ತದೆ. ಹಳೆಯ ಕೀಪ್ಯಾಡ್ ಫೋನ್ ಒಂದು ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಈ ಹೊಸ ಫೋನ್ ಬಂತು. ಜಾಹೀರಾತಿನಲ್ಲಿ ಒಬ್ಬ ಅಜ್ಜಿ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ, ಫೋನು ಕೇಳಿಸಿಕೊಂಡು ಮೊಮ್ಮಗಳಿಗೆ ಕರೆ ಮಾಡುತ್ತದೆ. ಇದು ನಮ್ಮಮ್ಮನಿಗೇ ಮಾಡಿಸಿದ್ದು ಅಂದುಕೊಂಡೆ. ಬಂದ ಮೊದಲ ವಾರವೇ ಕೊಂಡೆ.

ಅಂಗಡಿಯಲ್ಲಿ ತೋರಿಸಿದಾಗ ಎಲ್ಲ ಸರಿಯಾಗೇ ಇತ್ತು. ಹವಾಮಾನ ಕೇಳಿದರು, ಅಲಾರಂ ಇಡಿಸಿದರು, ಒಂದು ನಂಬರಿಗೆ ಕರೆ ಮಾಡಿಸಿದರು. ಅಲ್ಲಿದ್ದ ಡೆಮೊ ಫೋನಿಗೆ ಪಿನ್ ಇರಲಿಲ್ಲ, ಬೆರಳಚ್ಚು ಇರಲಿಲ್ಲ, ಲಾಕೇ ಇರಲಿಲ್ಲ ಅನ್ನುವುದನ್ನು ಆಗ ನಾನು ಗಮನಿಸಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಮೂಲ ಅದೇ.

ಮನೆಗೆ ತಂದು ಪಿನ್ ಹಾಕಿದೆ. ಬ್ಯಾಂಕಿನ ಮೆಸೇಜುಗಳು ಬರುವ ಫೋನು, ಹಾಕಲೇಬೇಕಲ್ಲ. ಅಮ್ಮ ಪಕ್ಕದಲ್ಲೇ ಕೂತು ನಾಲ್ಕು ದಿನ ಅಭ್ಯಾಸ ಮಾಡಿದಳು. ಪ್ರತಿ ಸಲವೂ ಫೋನ್ ತೆರೆದು ಕೈಗೆ ಕೊಡುತ್ತಿದ್ದವನು ನಾನೇ. ಅವಳು ‘ಮಗನಿಗೆ ಫೋನ್ ಮಾಡು’ ಅನ್ನುತ್ತಿದ್ದಳು, ನನ್ನ ಜೇಬಿನಲ್ಲಿ ರಿಂಗ್ ಆಗುತ್ತಿತ್ತು, ಇಬ್ಬರಿಗೂ ಖುಷಿ.

ಎರಡನೇ ವಾರ ಒಂದು ರಾತ್ರಿ ಅಮ್ಮ ಮಂಚದಿಂದ ಇಳಿಯುವಾಗ ಹೊದಿಕೆಯ ಅಂಚು ಕಾಲಿಗೆ ಸಿಕ್ಕಿ ಬಿದ್ದಳು. ಸೊಂಟ ನೋವಿಗೆ ಏಳಲಾಗಲಿಲ್ಲ. ಫೋನು ಮೇಜಿನ ಮೇಲೆ ಚಾರ್ಜಿಗಿತ್ತು, ಕೈಗೆ ಎಟುಕುವಂತಿರಲಿಲ್ಲ. ನಾನು ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು ಮಲಗಿದ್ದೆ. ಹೇಳಿಕೊಟ್ಟಂತೆ ಅಮ್ಮ ಫೋನನ್ನು ಕರೆದಳು. ಅದಕ್ಕೆ ಕೇಳಿಸಿತು, ಬೆಳಕೂ ಬಂತು. ‘ಮಗನಿಗೆ ಫೋನ್ ಮಾಡು’ ಅಂದಳು. ‘ಇದಕ್ಕಾಗಿ ಮೊದಲು ಫೋನ್ ಅನ್‌ಲಾಕ್ ಮಾಡಿ’ ಅಂತ ಉತ್ತರ ಬಂತು.

ಫೋನಿಗೆ ಹೇಳಿದ ಮಾತುಗಳು ಅಮ್ಮನ ಖಾತೆಯಲ್ಲಿ ದಾಖಲಾಗಿರುತ್ತವೆ, ಮಾರನೇ ದಿನ ಆ ಹಿಸ್ಟರಿ ತೆಗೆದು ನೋಡಿದೆ. ಏಳು ನಮೂದುಗಳಿದ್ದವು. ಮೊದಲನೆಯದು 2 ಗಂಟೆ 14 ನಿಮಿಷಕ್ಕೆ, ಕೊನೆಯದು 2 ಗಂಟೆ 51ಕ್ಕೆ. ಮೊದಲ ಮೂರರಲ್ಲಿ ‘ಮಗನಿಗೆ ಫೋನ್ ಮಾಡು’ ಅಂತ ಸರಿಯಾಗಿಯೇ ಅಕ್ಷರಕ್ಕೆ ಇಳಿದಿತ್ತು. ಆಮೇಲಾಮೇಲೆ ದನಿ ಕುಗ್ಗಿರಬೇಕು, ‘ಮಗ ನೀರು ಫೋನ್’ ಅಂತ ಏನೋ ಬರೆದುಕೊಂಡಿದೆ. ಏಳನೆಯದರಲ್ಲಿ ಇದ್ದದ್ದು ಒಂದೇ ಪದ, ‘ಮಗಾ’. ನೀರು ಕುಡಿಯಲು ನಾನು ಕೆಳಗೆ ಬಂದದ್ದು ಮೂರು ಗಂಟೆ ಹೊತ್ತಿಗೆ. ಮೂಳೆ ಮುರಿದಿರಲಿಲ್ಲ, ಅದೊಂದು ಪುಣ್ಯ. ಆದರೆ ಆ ಏಳು ಸಾಲುಗಳನ್ನು ಓದಿದ ಮೇಲೆ ನನಗೆ ಎಷ್ಟೋ ರಾತ್ರಿ ನಿದ್ದೆ ಹತ್ತಲಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ‘ಸರ್, ಅದು ದೋಷ ಅಲ್ಲ, ಸುರಕ್ಷತೆಗೆ ಅಂತ ಹಾಗೆ ಮಾಡಿರೋದು’ ಅಂದರು. ಒಂದರ್ಥದಲ್ಲಿ ಅವರ ಮಾತು ನಿಜ. ದನಿ ಅನ್ನುವುದು ಪಾಸ್‌ವರ್ಡ್ ಅಲ್ಲ. ಹೋಲುವ ದನಿಗೆ, ರೆಕಾರ್ಡ್ ಮಾಡಿಟ್ಟ ದನಿಗೆ ಈ ವ್ಯವಸ್ಥೆ ಮೋಸ ಹೋಗಬಹುದು. ಹಾಗಾಗಿ ಲಾಕ್ ಆಗಿರುವಾಗ ಏನೇನು ಮಾಡಬಹುದು ಅನ್ನುವುದಕ್ಕೆ ಮಿತಿ ಇಡುತ್ತಾರೆ. ಆ ಮಿತಿ ಒಂದೊಂದು ಫೋನಿನಲ್ಲಿ ಒಂದೊಂದು ರೀತಿ, ಅದನ್ನು ಬದಲಿಸುವ ಜಾಗ ಸೆಟ್ಟಿಂಗ್ಸ್‌ನಲ್ಲಿ ಮೂರ್ನಾಲ್ಕು ಮೆನು ಒಳಗೆ. ಮಿತಿ ಇರಲಿ, ಬೇಡ ಅನ್ನುವುದಿಲ್ಲ. ನನ್ನ ಸಿಟ್ಟು ಜಾಹೀರಾತಿನ ಮೇಲೆ. ಕೈಗೆ ಎಟುಕದ ಫೋನು ಕೂಗಿದರೆ ಓಗೊಡುತ್ತದೆ ಅಂತ ತೋರಿಸಿ ಮಾರಿದವರು ಈ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು.

ಸರಿ, ಲಾಕ್ ಇದ್ದಾಗಲೂ ಕೆಲಸ ಮಾಡಲಿ ಅಂತ ಅನುಮತಿ ಕೊಟ್ಟೆ. ಅದರಿಂದ ಇನ್ನೊಂದು ತೊಂದರೆ. ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಯಾರೋ ಅಂದ ಮಾತನ್ನು ತನ್ನನ್ನೇ ಕರೆದದ್ದು ಅಂದುಕೊಂಡು ಅಮ್ಮನ ಫೋನು ಎಚ್ಚರವಾಯಿತು. ಅವರ ಮಾತಿನಲ್ಲಿ ‘ಮೆಸೇಜ್ ಬಂತಾ’ ಅಂತೇನೋ ಇತ್ತು. ಅಷ್ಟಕ್ಕೇ ಲ್ಯಾಬ್‌ನಿಂದ ಬಂದಿದ್ದ ಮೆಸೇಜನ್ನು ಅದು ಎಲ್ಲರಿಗೂ ಕೇಳುವ ಹಾಗೆ ಓದತೊಡಗಿತು. ಅಮ್ಮನಿಗೆ ಅದನ್ನು ನಿಲ್ಲಿಸುವುದು ಗೊತ್ತಾಗದೆ ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡಳು. ಮನೆಗೆ ಬರುವವರೆಗೂ ಮಾತಾಡಲಿಲ್ಲ.

ಭಾಷೆಯ ವಿಷಯ ಬೇರೆಯೇ ಇದೆ. ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ನಮ್ಮ ಭಾಷೆಯ ಹೆಸರಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಗೊತ್ತಿರುವ ಭಾಷೆಗಳ ಪಟ್ಟಿ ಒಂದು, ಆಯಾ ಭಾಷೆಯಲ್ಲಿ ಮಾಡಬಲ್ಲ ಕೆಲಸಗಳ ಪಟ್ಟಿ ಇನ್ನೊಂದು. ಹವಾಮಾನ ಕನ್ನಡದಲ್ಲಿ ಹೇಳುತ್ತದೆ, ಜ್ಞಾಪನೆ ಇಡು ಅಂದರೆ ಇಂಗ್ಲಿಷಿಗೆ ಹೊರಳುತ್ತದೆ. ಕಾಂಟ್ಯಾಕ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ‘ದೊಡ್ಡಮ್ಮ’ ಅದಕ್ಕೆ ಸಿಗುವುದೇ ಇಲ್ಲ.

ಇದೆಲ್ಲ ನನಗೊಬ್ಬನಿಗೆ ಆದದ್ದಲ್ಲ, ಈ ಕಥೆ ಹಳೆಯದು. ಆಪಲ್ 2011ರ ಅಕ್ಟೋಬರ್‌ನಲ್ಲಿ ಐಫೋನ್ 4ಎಸ್ ಜೊತೆ ತನ್ನ ಧ್ವನಿ ಸಹಾಯಕ, ಅಂದರೆ ಮಾತು ಕೇಳಿ ಕೆಲಸ ಮಾಡುವ ಸಿರಿಯನ್ನು ತಂದಾಗ ಅದು ಬಲ್ಲ ಭಾಷೆಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮಾತ್ರ. ಅದಕ್ಕೆ ‘ಬೀಟಾ’, ಅಂದರೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ ಅನ್ನುವ ಪಟ್ಟಿ ಬೇರೆ ಅಂಟಿಸಿದ್ದರು. ಹತ್ತಿರದ ಅಂಗಡಿ, ಹೋಟೆಲ್ ಹುಡುಕಿ ಕೊಡುವುದು ಆಗ ಅಮೆರಿಕದಲ್ಲಿದ್ದವರಿಗಷ್ಟೇ. ಜನ ಬೆರಗಾದರು ನಿಜ, ಆದರೆ ಜಾಹೀರಾತಿನಲ್ಲಿ ತೋರಿಸಿದಂತೆ ಕೆಲಸ ಮಾಡುವುದಿಲ್ಲ ಅಂತ 2012ರಲ್ಲೇ ಅಲ್ಲಿನ ಗ್ರಾಹಕರೊಬ್ಬರು ಕೋರ್ಟಿಗೂ ಹೋದರು. ಆ ದಾವೆ ವಜಾ ಆಯಿತು. 2017ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್8 ಮಾರುಕಟ್ಟೆಗೆ ಬಂತು. ಸ್ಯಾಮ್‌ಸಂಗ್‌ನ ಧ್ವನಿ ಸಹಾಯಕ ಬಿಕ್ಸ್‌ಬಿಗೆಂದೇ ಫೋನಿನ ಪಕ್ಕದಲ್ಲಿ ಒಂದು ಬಟನ್ ಇತ್ತು, ಆದರೆ ಅಮೆರಿಕದ ಇಂಗ್ಲಿಷ್ ಗ್ರಾಹಕರಿಗೆ ಅದರ ಧ್ವನಿ ಸೇವೆ ಸಿಕ್ಕಿದ್ದು ಜುಲೈನಲ್ಲಿ. 2024ರ ಜೂನ್‌ನಲ್ಲಿ ಆಪಲ್ ನಮ್ಮ ಸ್ವಂತ ಮಾಹಿತಿಯನ್ನೆಲ್ಲ ಅರ್ಥ ಮಾಡಿಕೊಳ್ಳುವ ಹೊಸ ಸಿರಿಯನ್ನು ತೋರಿಸಿತು, ಆ ವರ್ಷದ ಹೊಸ ಫೋನಿನ ಜೊತೆ ಅದರ ಜಾಹೀರಾತೂ ಓಡಿತು. 2025ರ ಮಾರ್ಚ್‌ನಲ್ಲಿ ಅದು ತಡವಾಗುತ್ತದೆ ಅಂತ ಒಪ್ಪಿಕೊಂಡರು. ಫೋನು ಕೊಳ್ಳುವವರು ದುಡ್ಡನ್ನು ಇವತ್ತೇ ಕೊಟ್ಟಿರುತ್ತಾರೆ.

ಇನ್ನು ರೆಕಾರ್ಡಿಂಗ್ ವಿಷಯ. ಫೋನನ್ನು ಎಚ್ಚರಿಸಲು ಕರೆಯುವ ಪದವನ್ನು ಗುರುತಿಸುವ ಕೆಲಸ ಸಾಮಾನ್ಯವಾಗಿ ಫೋನಿನೊಳಗೇ ನಡೆಯುತ್ತದೆ, ಆದರೆ ಅದಕ್ಕಾಗಿ ಮೈಕ್ ಸದಾ ಕಿವಿಗೊಟ್ಟಿರಬೇಕು. ಅದೇ ಪದದಂತೆ ಕೇಳಿಸಿದ ಇನ್ನೇನೋ ಮಾತಿಗೂ ಎದ್ದುಬಿಡುತ್ತದೆ, ಎದ್ದ ಮೇಲೆ ಆಡಿದ ಮಾತು ಎಷ್ಟೋ ಸಲ ಸರ್ವರಿಗೆ ಹೋಗುತ್ತದೆ. ಅಮ್ಮನ ಹಿಸ್ಟರಿಯಲ್ಲಿ ಆ ಏಳು ಸಾಲುಗಳ ಮೇಲೆ ಕೆಳಗೆ ನಾವು ಯಾರೂ ಫೋನಿಗೆ ಹೇಳದ ಮಾತುಗಳೂ ಇದ್ದವು. ನಾನೂ ಹೆಂಡತಿಯೂ ಅಮ್ಮನ ಔಷಧದ ಖರ್ಚಿನ ಬಗ್ಗೆ ದನಿ ಏರಿಸಿ ಆಡಿದ್ದ ಎರಡು ಮಾತು ಅಲ್ಲಿತ್ತು. ಅಮೆಜಾನ್, ಗೂಗಲ್, ಆಪಲ್ ಮೂರೂ ಕಂಪನಿಗಳ ಧ್ವನಿ ಸಹಾಯಕಗಳ ರೆಕಾರ್ಡಿಂಗ್‌ಗಳಲ್ಲಿ ಕೆಲವನ್ನು ಮನುಷ್ಯರೇ ಕೇಳಿ ಪರಿಶೀಲಿಸುತ್ತಿದ್ದರು ಅನ್ನುವುದು 2019ರಲ್ಲಿ ಪತ್ರಿಕೆಗಳ ವರದಿಯಿಂದ ಹೊರಬಂತು. ಆಪಲ್ ಕ್ಷಮೆ ಕೇಳಿತು. ಕರೆಯದೆ ಎಚ್ಚರವಾದ ಸಿರಿ ಬಗ್ಗೆ ನಡೆದ ಮೊಕದ್ದಮೆಯಲ್ಲಿ ಅದು ತಪ್ಪು ಒಪ್ಪಿಕೊಳ್ಳದೆಯೇ 9.5 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2025ರ ಜನವರಿಯಲ್ಲಿ ಸುದ್ದಿಯಾಯಿತು. ನಿಮ್ಮ ಖಾತೆಯ ಹಿಸ್ಟರಿಯನ್ನು ಇವತ್ತೇ ಒಮ್ಮೆ ತೆಗೆದು ನೋಡಿ, ಬೇಡದ್ದನ್ನು ಅಳಿಸಿ, ಮಾತು ಉಳಿಸಿಕೊಳ್ಳುವ ಆಯ್ಕೆ ಇದ್ದರೆ ಆಫ್ ಮಾಡಿ.

ಕೊಳ್ಳುವ ಮುಂಚೆ ಅಂಗಡಿಯವರ ಮಾತಿಗೆ ತಲೆದೂಗಬೇಡಿ, ಡೆಮೊ ಫೋನಿಗೆ ಪಿನ್ ಹಾಕಿಸಿ. ಅದನ್ನು ಲಾಕ್ ಮಾಡಿ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ದೂರ ನಿಂತು, ಯಾರು ಬಳಸುತ್ತಾರೋ ಅವರಿಂದಲೇ ಮಾತಾಡಿಸಿ. ಮೆಲ್ಲಗೆ ಒಂದು ಸಲ, ಏದುಸಿರು ಬಿಡುವವರಂತೆ ಒಂದು ಸಲ. ನಿಮ್ಮ ಮನೆಯವರ ಹೆಸರುಗಳನ್ನೇ ಹಾಕಿ ಕರೆ ಮಾಡಿಸಿ. ಆಮೇಲೆ ವೈಫೈ, ಡೇಟಾ ಎರಡನ್ನೂ ಆಫ್ ಮಾಡಿ ಅದೇ ಕೆಲಸ ಹೇಳಿ, ಎಷ್ಟು ಉಳಿಯುತ್ತದೆ ನೋಡಿ. ‘ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ’ ಅಂದರೆ ಅದು ಇಲ್ಲ ಅಂತಲೇ ಲೆಕ್ಕ ಹಾಕಿ. ವಾಪಸ್ ತೆಗೆದುಕೊಳ್ಳುವ ಷರತ್ತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನನಗೆ ಫೋನು ವಾಪಸ್ ಕೊಡಲು ಆಗಲಿಲ್ಲ, ಏಕೆಂದರೆ ಅವರ ಪ್ರಕಾರ ಕೆಟ್ಟಿರುವುದು ಏನೂ ಇಲ್ಲ.

ಕರೆ ಮಾಡುವುದಕ್ಕೆ ಅಮ್ಮ ಹಳೆಯ ಕೀಪ್ಯಾಡ್ ಫೋನಿಗೇ ಮರಳಿದ್ದಾಳೆ. ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಟ್ಟಿದ್ದೇನೆ. ಎರಡನೇ ಗುಂಡಿಯನ್ನು ಒತ್ತಿ ಹಿಡಿದರೆ ನನಗೆ ಕರೆ ಬರುತ್ತದೆ, ಬೆರಳಿಗೆ ಸಿಗಲಿ ಅಂತ ಅದರ ಮೇಲೆ ಸಣ್ಣ ಉಬ್ಬು ಸ್ಟಿಕ್ಕರ್ ಅಂಟಿಸಿದ್ದೇವೆ. ರಾತ್ರಿ ದೀಪ ಆರಿಸುವ ಮುಂಚೆ ಅವಳು ಅದನ್ನೊಮ್ಮೆ ಒತ್ತುತ್ತಾಳೆ. ಮೇಲೆ ನನ್ನ ಫೋನು ಒಂದು ಸಲ ರಿಂಗ್ ಆಗುತ್ತದೆ, ನಾನು ಕಟ್ ಮಾಡುತ್ತೇನೆ, ಆಮೇಲೆ ಇಬ್ಬರೂ ಮಲಗುತ್ತೇವೆ.