ಕುಣಿತ ಬರೆಯಲು ಮೊದಲು ಯಾರನ್ನು ನೋಡಬೇಕು: ದೆಗಾನಾ, ಹೆಬ್ಬಾರರನ್ನಾ?

ಕುಣಿಯುವ ಮೈಯನ್ನು ಚಿತ್ರವಾಗಿ ಬರೆಯಲು ಕಲಿಯುತ್ತಿದ್ದೀರಾ? ಪ್ಯಾರಿಸ್‌ನ ಚಿತ್ರಕಾರ ಎಡ್ಗರ್ ದೆಗಾ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರ್, ಇಬ್ಬರೂ ಬೇಕು. ಆದರೆ ಶುರು ಎಲ್ಲಿಂದ?

ದೆಗಾ (1834–1917) ಕುಣಿತಕ್ಕಿಂತ ಅದರ ಹಿಂದುಮುಂದನ್ನೇ ಜಾಸ್ತಿ ಬರೆದ. ಪಿಯಾನೊ ಮೇಲೆ ಕೂತು ಬೆನ್ನು ಕೆರೆದುಕೊಳ್ಳುವ ಹುಡುಗಿ, ಬಗ್ಗಿ ಶೂ ಸರಿಮಾಡಿಕೊಳ್ಳುವವಳು, ತಾಲೀಮಿನಿಂದ ದಣಿದು ಬೆಂಚಿನ ಮೇಲೆ ಕುಸಿದವಳು. ಮೈಭಾರ ಎಲ್ಲಿ ಬಿದ್ದಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ, ಅದೇ ಅವನ ದೊಡ್ಡ ಪಾಠ. ಒಂದೇ ಭಂಗಿಯನ್ನು ಟ್ರೇಸಿಂಗ್ ಪೇಪರ್ ಮೇಲೆ ಮತ್ತೆ ಮತ್ತೆ ಇಳಿಸಿ, ಸ್ವಲ್ಪ ಬದಲಿಸಿ, ಮೇಲೆ ಪ್ಯಾಸ್ಟೆಲ್ (ಮೆದುವಾದ ಬಣ್ಣದ ಕಡ್ಡಿ) ಅನ್ನು ಪದರ ಪದರವಾಗಿ ಹಾಕುತ್ತಿದ್ದ. 1881ರಲ್ಲಿ ತೋರಿಸಿದ 14 ವರ್ಷದ ನರ್ತಕಿಯ ಮೇಣದ ಶಿಲ್ಪಕ್ಕೆ ನಿಜವಾದ ಬಟ್ಟೆಯ ಲಂಗವನ್ನೇ ತೊಡಿಸಿದ್ದ!

ಹೆಬ್ಬಾರರದು (1911–1996) ಬೇರೆ ದಾರಿ. ಲಯ ತಿಳಿಯಬೇಕು ಅಂತ ತಾವೇ ಕಥಕ್ ಕಲಿತರು. ಅವರ ರೇಖಾಚಿತ್ರಗಳಲ್ಲಿ ಗೆರೆ ಹೆಗಲಿಂದ ಇಳಿದು ಸೊಂಟ ಬಳಸಿ ಪಾದಕ್ಕೆ ಬರುವಷ್ಟರಲ್ಲಿ ನಮ್ಮ ಕಣ್ಣೂ ಒಂದು ಸುತ್ತು ತಿರುಗಿರುತ್ತದೆ. ನೆರಳಿನ ಹಂಗೇ ಇಲ್ಲ.

ಕೈ ಬಿಗಿಯಾಗಿ, ಸುಮ್ನೆ ರಬ್ಬರ್ ಸವೆಸುತ್ತಾ ಕೂರುವವರು ಹೆಬ್ಬಾರರ ಗೆರೆ ನೋಡಲಿ, ಕೈ ಸಡಿಲವಾಗುತ್ತದೆ. ಹೊಸಬರಿಗೆ ಮಾತ್ರ ನಾನು ದೆಗಾನನ್ನೇ ಹೇಳುತ್ತೇನೆ. ಹೆಬ್ಬಾರರ ಗೆರೆ ಸುಲಭ ಅಂತ ಕಾಣುತ್ತದೆ, ಆದರೆ ಮೂಳೆ ಎಲ್ಲಿದೆ ಅಂತ ಗೊತ್ತಿಲ್ಲದೆ ನಕಲು ಮಾಡಿದರೆ ಬರೀ ಬಳ್ಳಿ ಆಗುತ್ತದೆ ಅಲ್ವಾ? ಹತ್ತಿರದ ಭರತನಾಟ್ಯ ಕ್ಲಾಸಿನಲ್ಲಿ ಕೇಳಿಕೊಂಡು ಒಂದು ಮೂಲೆಯಲ್ಲಿ ಕೂತು, ಮೊದಲು ಗೆಜ್ಜೆ ಬಿಚ್ಚುತ್ತಾ ಕೂತವರನ್ನು ಬರೆಯಿರಿ.