ಮೈಸೂರಲ್ಲಿ ಮಗನ್ನ ಬರವಣಿಗೆ ಶಿಬಿರಕ್ಕೆ ಕಳ್ಸಿದ್ವಿ, ನಮ್ಮ ಅನುಭವ

ನನ್ನ ಮಗ ನಾಲ್ಕನೇ ಕ್ಲಾಸು. ಪ್ರಬಂಧ ಬರಿ ಅಂದ್ರೆ ಯಾವಾಗ್ಲೂ ಒಂದೇ ಥರ, ಬೆಳಿಗ್ಗೆ ಬೇಗ ಎದ್ದೆವು ಬಸ್ಸಿನಲ್ಲಿ ಹೋದೆವು ಊಟ ಮಾಡಿದೆವು ತುಂಬಾ ಖುಷಿಯಾಯಿತು, ಮುಗೀತು. ಈ ಬೇಸಿಗೆ ರಜೇಲಿ ಮನೆ ಹತ್ರಾನೇ ನಡೆಯೋ ಹತ್ತು ದಿನದ ಶಿಬಿರಕ್ಕೆ ಸೇರಿಸಿದ್ವಿ, ದಿನಕ್ಕೆ ಎರಡು ಗಂಟೆ, ಫೀಸು 2,500. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮೊದಲ್ನೇ ದಿನಾನೇ ಮೇಡಂ ಹೇಳಿದ್ದು, ಇಡೀ ಕಲ್ಲಂಗಡಿ ಬೇಡ, ಒಂದು ಬೀಜ ಸಾಕು ಅಂತ. ಅಂದ್ರೆ ಪೂರ್ತಿ ಪ್ರವಾಸ ಬರೀಬೇಡಿ, ಅದ್ರಲ್ಲಿ ಐದೇ ನಿಮಿಷ ಆರಿಸ್ಕೊಳ್ಳಿ. ಇದು ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿ ಟೀಚರ್ಸ್ ಕಾಲೇಜಲ್ಲಿದ್ದ ಲೂಸಿ ಕಾಲ್ಕಿನ್ಸ್ ಅವರು 1980ರ ದಶಕದಿಂದ ಬೆಳೆಸಿಕೊಂಡು ಬಂದ ಪದ್ಧತಿ. ಬರೆಯೋಕ್ ಮುಂಚೆ ಪಕ್ಕದಲ್ಲಿ ಕೂತಿರೋ ಮಗುಗೆ ಬೆರಳು ಮಡಚ್ತಾ ಬಾಯಲ್ಲಿ ಹೇಳ್ಬೇಕು, ಒಂದು ಬೆರಳಿಗೆ ಒಂದು ಸಂಗತಿ, ಆಮೇಲೆ ಹಾಳೆ ಮಡಚಿ ಮಾಡಿರೋ ಪುಟ್ಟ ಪುಸ್ತಕದಲ್ಲಿ ಚಿತ್ರ, ಅದಾದ್ಮೇಲೇನೇ ವಾಕ್ಯ.

ನಮ್ಮ ಹುಡುಗ ಮೊದಲು ಬರೆದಿದ್ದು ಒಂದೇ ಸಾಲು, "ಅನ್ನ ಸೀದು ಹೋಯ್ತು". ಮೇಡಂ ತಿದ್ದಲಿಲ್ಲ, ಆಗ ನಿನ್ನ ಕೈ ಎಲ್ಲಿತ್ತು, ಏನು ಕೇಳಿಸ್ತಿತ್ತು ಅಂತ ಕೇಳಿದ್ರು ಅಷ್ಟೇ. ಎರಡನೇ ಸಲ ಬರೆದಿದ್ದು ನೋಡಿ: "ಮಳೆ ಬಂತು. ಅಮ್ಮ ಬಟ್ಟೆ ತರೋಕೆ ಟೆರೇಸಿಗೆ ಓಡಿದ್ರು. ಮೂರು ಕೂಗಿದ್ಮೇಲೆ ಆಫ್ ಮಾಡು ಅಂದ್ರು. ಎರಡು ಕೂಗ್ತು. ಮಳೆ ಜೋರಾಯ್ತು. ಮೂರನೇದು ಕೂಗ್ತೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ. ನನ್ನ ಕೈ ಸ್ಟವ್ ಮೇಲೇ ಇತ್ತು." ಆವತ್ತು ಅನ್ನ ಸೀದಿದ್ದಕ್ಕೆ ನಾನು ಬೈದಿದ್ದೆ, ಪಾಪ ಅವನು ಅಲ್ಲೇ ಕಾದು ನಿಂತಿದ್ದ ಅನ್ನೋದು ನಂಗೆ ಗೊತ್ತಾಗಿದ್ದು ಇದನ್ನ ಓದಿದ್ಮೇಲೆ. ಕಣ್ಣಲ್ಲಿ ನೀರು ಬಂತು.

ಬೇಜಾರಾಗಿದ್ದು ಒಂದೇ ವಿಷ್ಯಕ್ಕೆ. ಕೊನೇ ದಿನ ಕೊಟ್ಟ ಪ್ರಿಂಟೆಡ್ ಪುಸ್ತಕದಲ್ಲಿ ಯಾರೋ "ಕೂಗ್ತು" ಅನ್ನೋದನ್ನ "ಶಬ್ದ ಮಾಡಿತು" ಅಂತ ತಿದ್ದಿದಾರೆ. ಕಾಗುಣಿತ ಸರಿ ಮಾಡ್ಲಿ, ಬೇಡ ಅನ್ನಲ್ಲ, ಆದ್ರೆ ಮಗು ಮಾತು ಮುಟ್ಟಬಾರ್ದಿತ್ತು. ಇವನೂ ಅದನ್ನ ಓದಿ "ಇದು ನಂದಲ್ಲ" ಅಂದ. ನಾನು ಫೋನ್ ಮಾಡಿ ಹೇಳಿದೀನಿ, ಮುಂದಿನ ಬ್ಯಾಚಿಗೆ ಹಾಗೆ ಮಾಡಲ್ಲ ಅಂದ್ರು.

ಮೂರರಿಂದ ಆರನೇ ಕ್ಲಾಸಿನ ಮಕ್ಕಳಿಗೆ ಸರಿಹೋಗುತ್ತೆ, ಇನ್ನೂ ಚಿಕ್ಕೋರಾದ್ರೆ ಎರಡು ಗಂಟೆ ಕೂರೋದು ಕಷ್ಟ. ಬೆಳಗಿನ ಬ್ಯಾಚಲ್ಲಿ ಮಕ್ಕಳು ಕಮ್ಮಿ, ಅದಕ್ಕೇ ಸೇರ್ಸಿ. ಮಡಚಿದ ಆ ಪುಟ್ಟ ಪುಸ್ತಕ ಮಾತ್ರ ಕೇಳಿ ಇಸ್ಕೊಳ್ಳಿ, ನಮ್ದು ಅಡುಗೆಮನೆ ಕಪಾಟಲ್ಲೇ ಇದೆ.